ಬಾಗಿಲಿನ ಒಳಮೈ

ಗುರುವಾರ ನನ್ನ ಸುತ್ತು. ಗಾಲ್ಫ್ ಗಾಡಿ, ಟೇಪು, ಫೋನು,
ಬಣ್ಣದ ಬಿಲ್ಲೆಗಳ ಗೊಂಚಲು.
ಸಂಘ ಒಪ್ಪಿದ ಬಣ್ಣ ಹದಿನಾಲ್ಕು:
ಮರಳು, ಒದ್ದೆ ಮರಳು, ಸುಟ್ಟ ರೊಟ್ಟಿ, ಹಳೇ ಎಲುಬು...
ಅರಿಜೋನಾದ ಬಿಸಿಲಿಗೆ ಹಿಡಿದರೆ
ಹದಿನಾಲ್ಕೂ ಒಂದೇ.

ಹುಲ್ಲು ಆರು ಇಂಚು ಮೀರಿತೋ, ಕಾಗದ.
ಕಸದ ಡಬ್ಬಿ ಸಂಜೆ ಏಳರ ಮೇಲೂ ಬೀದಿಗೆ ಕಂಡಿತೋ, ಕಾಗದ.
ಜನವರಿ ಹತ್ತು ದಾಟಿಯೂ ಮಿಣುಕುವ ದೀಪದ ಸರಕ್ಕೆ,
ಕಾರು ಬಿಟ್ಟುಹೋದ ಎಣ್ಣೆಕಲೆಗೆ.
ಮೊದಲು ಬರೀ ನೆನಪೋಲೆ. ಆಮೇಲೆ ಐವತ್ತು ಡಾಲರು.
ಆಮೇಲೆ ದಿನದ ಲೆಕ್ಕ.
ಹುಲ್ಲು ಸತ್ತವರ ಮೇಲೆ ಮಾತ್ರ ಸಂಘಕ್ಕೆ ದಯೆ:
ಹಸಿರು ಪೇಂಟು ಹೊಡೆಸಿಕೊಳ್ಳಬಹುದು.

ನಾನಿರುವುದು ಹೆದ್ದಾರಿಯಾಚೆ, ಟ್ರೈಲರಿನಲ್ಲಿ.
ಪಕ್ಕದವನ ಕೋಳಿ ನನ್ನ ಮೆಟ್ಟಿಲ ಮೇಲೆ ಮಲಗುತ್ತದೆ,
ಒಡೆದ ಕಿಟಕಿಗೆ ಪಿಜ್ಜಾ ಡಬ್ಬಿಯ ರಟ್ಟು.
ಇಲ್ಲಿ ಯಾರೂ ಕೇಳಿಲ್ಲ. ನಾನೂ ಹೇಳಿಲ್ಲ.

ನಂಬರು ನಾನೂರ ಹನ್ನೊಂದು.
ಓರ್ವಿಲ್ ಟಾರ್ಕಿಂಗ್ಟನ್, ಎಂಬತ್ತೊಂದು, ಹಡಗಿನ ಮೆಕ್ಯಾನಿಕ್ ಆಗಿದ್ದವ.
ಮುಂಬಾಗಿಲು ನೀಲಿ.
ಆಕಾಶದ್ದಲ್ಲ, ಗ್ಯಾಸೊಲೆಯ ಉರಿಯ ನೀಲಿ.
"ಇನೆಜ್ ಹೊಡೆದದ್ದು," ಎಂದ. "ಮೂರು ಕೋಟು.
ನನ್ನ ಒಳ್ಳೇ ಬ್ರಷ್ಷು ಹಾಳು ಮಾಡಿದಳು."
ಈಗ ಆಕೆ ಎಲ್ಲಿ ಎಂಬುದಕ್ಕೆ ಫಾರಮ್ಮಿನಲ್ಲಿ ಕಾಲಂ ಇಲ್ಲ.
ನಾನು ಮೂರು ಕಾಗದ ಬರೆದೆ.

ನಾಲ್ಕನೆಯ ಗುರುವಾರ ಬಾಗಿಲು ಒದ್ದೆ ಮರಳು.
ಬಿಲ್ಲೆ ಹಿಡಿದು ನೋಡಿದೆ, ಕೂದಲೆಳೆಯ ವ್ಯತ್ಯಾಸವಿಲ್ಲ.
'ಸರಿ' ಎಂದು ಗುರುತು ಹಾಕಿ,
ಯಾರದೋ ಜೇಬಿಗೆ ಕೈ ಹಾಕಿದವಳಂತೆ
ಗಾಡಿ ತಿರುಗಿಸುವಷ್ಟರಲ್ಲಿ
ಬಾಗಿಲು ತೆರೆಯಿತು. ಒಳಕ್ಕಲ್ಲ, ಹೊರಕ್ಕೆ.

ಕೀಲು ಕಿತ್ತು ತಿರುಗಿಸಿ ಕೂರಿಸಿದ್ದಾನೆ ಮುದುಕ.
ಬಾಗಿಲು ಅರ್ಧಚಕ್ರ ಸುತ್ತಿ ಗೋಡೆಗೊರಗಿತು,
ಒಳಮೈಯೆಲ್ಲ ನೀಲಿ, ಇನ್ನೂ ಹಸಿ.
ಅವನ ಬೆರಳ ಗಿಣ್ಣೂ ನೀಲಿ.
"ಏಳನೇ ನಿಯಮ, ಮಿಸ್ ಬೆನಾವಿಡೆಸ್, ಓದಿ.
ಬಾಗಿಲಿನ ಹೊರಮೈ ಅಂತಿದೆ."

ಚಾಪೆಯ ಕೆಳಗೆ ತೂರುವುದು ನಮ್ಮ ಸಂಘಕ್ಕೆ ಗೊತ್ತು.
ಇವನು ರಂಗೋಲಿಯ ಕೆಳಗೆ ತೂರಿದ್ದ.

ಪುಸ್ತಕ ಎರಡು ಸಲ ಮಗುಚಿದೆ.
ಗ್ಯಾರೇಜಿನ ಬಾಗಿಲು ಇಪ್ಪತ್ತು ನಿಮಿಷ ತೆರೆದಿರಬಹುದು.
ಮನೆಯ ಬಾಗಿಲು ಎಷ್ಟು ಹೊತ್ತು?
ಬರೆದವರಿಗೆ ಹೊಳೆದಿಲ್ಲ.

ಈಗ ಬೆಳಿಗ್ಗೆಯಿಂದ ಸಂಜೆತನಕ ತೆರೆದೇ ಇರುತ್ತದೆ,
ಹೊರಗೆ ನೂರ ಹನ್ನೆರಡು ಡಿಗ್ರಿ,
ಒಳಗಿನ ಏಸಿ ಪಾಪ ಇಡೀ ಬೀದಿಗೆ ದುಡಿಯುತ್ತದೆ.
ಕರೆಂಟಿನ ಬಿಲ್ಲು ದಂಡಕ್ಕಿಂತ ಹೆಚ್ಚೇ ಬರುತ್ತಿರಬೇಕು.

ಅಧ್ಯಕ್ಷೆ ಮಿಸೆಸ್ ಹ್ಯಾವರ್‌ಸ್ಟಾಕ್ ತಿದ್ದುಪಡಿ ಬರೆಯುತ್ತಿದ್ದಾರೆ:
ತೆರೆದ ಬಾಗಿಲಿಗೆ ಒಳಗು ಯಾವುದು, ಹೊರಗು ಯಾವುದು.
ಎರಡು ಸಭೆ ಮುಗಿದರೂ ತೀರ್ಮಾನವಿಲ್ಲ.

ಅಲ್ಲಿತನಕ, ಗುರುವಾರ ಗುರುವಾರ
ನಾನೂರ ಹನ್ನೊಂದರ ಮುಂದೆ ಗಾಡಿ ನಿಲ್ಲಿಸಿ
ಬಿಲ್ಲೆ ಹೊಂದಿಸುವವಳಂತೆ ನಿಧಾನಿಸುತ್ತೇನೆ.
ಆ ಬಾಗಿಲಿಂದ ಹೊರಟ ತಂಪು
ಹುಲ್ಲು ದಾಟಿ, ಕಾಲುದಾರಿ ದಾಟಿ,
ನನ್ನ ಮೊಣಕೈತನಕ ಬರುತ್ತದೆ.