ಕಿರ್ಗುಂಡ

ಅಪ್ಪ ಬರೆದ ದೊಡ್ಡಾಟದಲ್ಲಿ ರಾಕ್ಷಸನ ಹೆಸರು ಕಿರ್ಗುಂಡ.
ಯಾವ ಪುರಾಣದಲ್ಲೂ ಇಲ್ಲ, ಹುಡುಕಿದ್ದೇನೆ.

'ಕಿರಿ ಎಂದರೆ ಹಂದಿ; ವರಾಹಕುಲದವನು' ಎಂದರು
ಕೊಪ್ಪಳದ ಪಂಡಿತರು, ಚಹಾ ಆರುವ ತನಕ.

ಮದ್ದಳೆಯ ಹುಚ್ಚೀರಪ್ಪ ನಕ್ಕ:
'ಹಂದೀನೂ ಇಲ್ಲ ಹೆಗ್ಗಣಾನೂ ಇಲ್ಲ.
ಗಂಗಾವತಿ ಗಿರಣಿಯ ಮುನೀಮ ಗುಂಡಪ್ಪ
ನಿಮ್ಮಪ್ಪಗ ಎರಡು ಚೀಲ ತೂಕದಾಗ ಹೊಡೆದಿದ್ದ.
ಹೆಸರಿಟ್ಟು ಕೊಂದ,
ವರ್ಷಾ ವರ್ಷಾ, ಬೆಳಗಿನ ಜಾವಕ್ಕ.'

ಪಾತ್ರ ಕಟ್ಟುತ್ತಿದ್ದ ಮಾಬುಸಾಬನ ಲೆಕ್ಕವೇ ಬೇರೆ:
ಮೀಸೆ ಅಂಟಿಸಿದ ಮೇಲೆ
ತುಟಿ ಅಗಲಿಸದೆ ಗುಡುಗಲು ಬರಬೇಕು, ಅಷ್ಟೇ.
'ಹೆಸರು ಕೇಳಿದ್ರ ಕೂಸು ಅಳಬೇಕು ನೋಡ್ರಿ.'

ಅವ್ವ ಏನೂ ಹೇಳಲಿಲ್ಲ.
ಅಟ್ಟದಿಂದ ತೊಟ್ಟಿಲು ಇಳಿಸಿದಳು.
ಕಿನ್ನಾಳದ್ದು; ಒಂದು ಗಿಳಿಗೆ ಕೊಕ್ಕಿಲ್ಲ.
ತೊಲೆಗೆ ಸರಪಳಿ ಸಿಕ್ಕಿಸಿ ತೂಗಿದಳು:

ಕಿರ್‍ರ್... ಗುಂ.
ಕಿರ್‍ರ್... ಗುಂ.

'ಮೂರು ತಿಂಗಳು ರಾತ್ರಿ ಕಣ್ಣು ಮುಚ್ಚಲಿಲ್ಲ ನೀ.
ನಿಮ್ಮಪ್ಪಂದು ಒಂದು ಕೈಯಾಗ ಹಗ್ಗ,
ಒಂದು ಕೈಯಾಗ ಪೆನ್ಸಿಲ್ಲು.
ಬ್ಯಾಸತ್ತು ಬರದ.'

ವಹಿ ತೆರೆದೆ. ಜಿರಲೆ ತಿಂದ ಅಂಚು.
ಕಿರ್ಗುಂಡ ಸಾಯುವ ಪದ್ಯವನ್ನು
ಮೂರು ಸಲ ಬರೆದು
ಮೂರು ಸಲ ಹೊಡೆದು ಹಾಕಿದ್ದಾನೆ ಅಪ್ಪ.
ನಾಲ್ಕನೆಯದರ ಕೈಬರಹ
ಹುಚ್ಚೀರಪ್ಪನದು.