ಮೂರಕ್ಕೂ ನಾಲ್ಕಕ್ಕೂ ನಡುವೆ

ಕಬ್ಬನ್ ಪಾರ್ಕಿಗೆ ಬೆನ್ನು ಮಾಡಿದ ಸರ್ಕಾರಿ ಕಟ್ಟಡ, ಒಂಬತ್ತು ಮಹಡಿ.
ಲಿಫ್ಟಿನ ಸ್ಟೂಲು ನನ್ನದು.
ಕೆಳಗಿಂದ ಒಂಬತ್ತಕ್ಕೆ ಹೋಗುವಷ್ಟರಲ್ಲಿ ಒಂದೂವರೆ ಪುಟ,
ಜನ ಕಮ್ಮಿಯಿದ್ದು ಅಕ್ಷರ ದಪ್ಪಗಿದ್ದರೆ.
ಐದಕ್ಕೆ ಇಳಿಯಬೇಕಾದವರನ್ನು
ಗೊತ್ತಿಲ್ಲದೆ ಏಳಕ್ಕೆ ಒಯ್ದುಬಿಟ್ಟರೆ
ಅದು ಒಳ್ಳೆಯ ಪುಸ್ತಕ.
ನನಗೆ ಬೇರೆ ತಕ್ಕಡಿ ಇಲ್ಲ.

ಈ ತಿಂಗಳು ಹಳದಿ ರಟ್ಟಿನ ಕಾದಂಬರಿ,
ನಾನೂರ ಹನ್ನೆರಡು ಪುಟ.
ನಾಯಕಿ ಎಂಟು ಸಲ ಕಿಟಕಿಯ ಹತ್ತಿರ ಅಳುತ್ತಾಳೆ.
ಅಷ್ಟು ದೊಡ್ಡ ಮನೆಯಲ್ಲಿ ಒಬ್ಬರೂ ಲೋಟ ತೊಳೆಯುವುದಿಲ್ಲ,
ಬಸ್ಸಿಗೆ ಚಿಲ್ಲರೆ ಹುಡುಕುವುದಿಲ್ಲ.
ಮಡಚಿಡುವವನಿದ್ದೆ.
ಅರವತ್ತೊಂದನೇ ಪುಟದಲ್ಲಿ ಒಬ್ಬ ಗಿರವಿ ಅಂಗಡಿಯವನು,
ಹೆಸರು ಕೂಡ ಕೊಟ್ಟಿಲ್ಲ ಅವನಿಗೆ,
ಆರು ಬಳೆ ಎಣಿಸಿ ಏಳು ಅನ್ನುತ್ತಾನೆ, ಬೇಕೆಂದೇ,
ಆ ಹೆಂಗಸಿನ ಮುಖ ನೋಡದೆ ಚೀಟಿ ಬರೆಯುತ್ತಾನೆ.
ಅವತ್ತು ಲೆಕ್ಕಪತ್ರ ಶಾಖೆಯ ಇಬ್ಬರು
ಏಳನೇ ಮಹಡಿ ನೋಡಿಕೊಂಡು ಬಂದರು.
ಮತ್ತೆ ಅವನು ಬರಲೇ ಇಲ್ಲ.
ಉಳಿದ ಮುನ್ನೂರ ಐವತ್ತೊಂದು ಪುಟ
ಅವನಿಗೆ ಕಾದುಕೊಂಡು ಓದಿದೆ.

ಪತ್ತೇದಾರಿಯ ಕೊನೇ ಹಾಳೆ ಯಾರೋ ಕಿತ್ತಿದ್ದಾರೆ.
ಕೊಂದದ್ದು ಕಾಂಪೌಂಡರ್ ಅಂತ ನಾನು,
ಅತ್ತಿಗೆ ಅಂತ ಲೈಬ್ರರಿಯ ಜಯಶೀಲಮ್ಮ.
ಇರಲಿ, ಹಾಳೆ ಸಿಕ್ಕರೆ ಈ ಜಗಳವೂ ಹೋಗುತ್ತದೆ.

ಆಮೇಲೆ ಇರುವೆಯದು. ಬರೆದವರು ವಿಜ್ಞಾನಿ;
ವಾಕ್ಯಗಳು ವಿಕ್ಟೋರಿಯಾ ಆಸ್ಪತ್ರೆಯ ಕಾರಿಡಾರಿನ ಹಾಗೆ,
ನಡೆದಷ್ಟೂ ಇವೆ, ಕೂರಲು ಬೆಂಚಿಲ್ಲ.
ಆದರೆ ಮರಳುಗಾಡಿನ ಒಂದು ಜಾತಿ
ಮನೆಗೆ ಮರಳಲು ಹೆಜ್ಜೆ ಎಣಿಸುತ್ತದಂತೆ.
ಕಾಲಿಗೆ ಕಡ್ಡಿ ಅಂಟಿಸಿ ಉದ್ದ ಮಾಡಿದರೆ
ಗೂಡು ದಾಟಿ ಹೋಗಿ
ಅಲ್ಲೇ ಸುತ್ತಿ ಸುತ್ತಿ ಹುಡುಕುತ್ತದಂತೆ.
ಇಷ್ಟನ್ನು ನಾಲ್ಕು ಸಾಲಿನಲ್ಲಿ ಮುಗಿಸಿಬಿಟ್ಟಿದ್ದಾರೆ, ಪುಣ್ಯಾತ್ಮರು!
ಮಾರ್ಕೆಟ್ಟಿನಿಂದ ಚಾಮರಾಜಪೇಟೆಗೆ ನಾನೂ ಎಣಿಸುತ್ತ ನಡೆದೆ.
ರಸ್ತೆ ಅಗೆದ ಕಡೆ ಲೆಕ್ಕ ತಪ್ಪಿತು.

ಇನ್ನು ಆತ್ಮಕಥೆ.
ಇದಕ್ಕೆ ನನ್ನಿಂದ ನ್ಯಾಯ ಸಿಗುವುದು ಕಷ್ಟ.
ಬರೆದವರು ನಮ್ಮ ಒಂಬತ್ತನೇ ಮಹಡಿಯಲ್ಲೇ ಆರು ವರ್ಷ ಇದ್ದವರು.
"ಹಂತ ಹಂತವಾಗಿ ಮೇಲೇರಿದೆ" ಅಂತ ಹನ್ನೊಂದು ಕಡೆ ಬರುತ್ತದೆ.
ಏರಿಸಿದವನು ನಾನು,
ದಿನಕ್ಕೆರಡು ಸಲ, ಸಭೆಯಿದ್ದರೆ ನಾಲ್ಕು.
ನೂರ ಎಂಬತ್ತೆಂಟನೇ ಪುಟ:
"ಆ ಕಟ್ಟಡದ ಲಿಫ್ಟು ಸದಾ ಕೆಡುತ್ತಿತ್ತು."
ಸುಳ್ಳು. ಎರಡೇ ಸಲ. ಲಾಗ್‌ಬುಕ್ಕಿದೆ.
ಒಂದು, ಹಗ್ಗ ಬದಲಾಯಿಸಿದ್ದು.
ಇನ್ನೊಂದು, ಒಂದು ಸಂಜೆ ಕರೆಂಟು ಹೋಗಿ
ಮೂರಕ್ಕೂ ನಾಲ್ಕಕ್ಕೂ ನಡುವೆ ನಿಂತದ್ದು,
ನಲವತ್ತು ನಿಮಿಷ, ಅವರೂ ನಾನೂ.

ಸ್ಟೂಲು ಕೊಟ್ಟೆ, ಬೇಡ ಅಂದರು.
ಬೂಟು ಬಿಚ್ಚಿ ನೆಲಕ್ಕೆ ಕೂತ ಸದ್ದಾಯಿತು.
ತಮ್ಮನ ವಿಷಯ ಹೇಳಿದರು,
ತಾವೇ ಹಾಕಿದ ಸಹಿಯಿಂದ ಕೆಲಸ ಕಳಕೊಂಡ ತಮ್ಮ;
ಆದರೂ ಕಾರ್ತಿಕ ಬಂದರೆ
ಅವನ ಕಡೆಯಿಂದ ಕಡಲೆಕಾಯಿಯ ಗಂಟು ಬರುತ್ತಿದ್ದದ್ದು,
ಅದನ್ನು ಬಿಚ್ಚದೆ ಬೀರುವಿನಲ್ಲಿಟ್ಟದ್ದು,
ಹುಳ ಬಿದ್ದ ಮೇಲೆ ಹೆಂಡತಿ ಎಸೆದದ್ದು.
ಎಲ್ಲೂ ತಡೆಯಲಿಲ್ಲ. ಒಂದು ವಿಶೇಷಣ ಇರಲಿಲ್ಲ.
ಫ್ಯಾನು ತಿರುಗಿತು, ಬೂಟು ಹಾಕಿಕೊಂಡರು,
"ನಾಲ್ಕು" ಅಂದರು.
ಉಳಿದ ಐದು ಮಹಡಿ ಮೆಟ್ಟಿಲು ಹತ್ತಿಕೊಂಡು ಹೋದರು.

ಪುಸ್ತಕದಲ್ಲಿ ತಮ್ಮನನ್ನು ಹುಡುಕಿದೆ. ಮಂತ್ರಿಗಳಿದ್ದಾರೆ,
ಒಂದು ನಾಯಿಯೂ ಇದೆ, ಫೋಟೋ ಸಮೇತ.
ಅವರ ಒಳ್ಳೆಯ ಅಧ್ಯಾಯದ ಪ್ರತಿ ಒಂದೇ.
ಅದನ್ನು ಲೈಬ್ರರಿಗೆ ಹಿಂದಿರುಗಿಸುವ ಹಾಗಿಲ್ಲ.

ಶನಿವಾರ ಜಯಶೀಲಮ್ಮ ಪುಟ ತಿರುವಿ ನೋಡಿದರು.
ನೂರ ಎಂಬತ್ತೆಂಟರ ಅಂಚಿನಲ್ಲಿ ನನ್ನ ಪೆನ್ಸಿಲ್ಲು:
"ಎರಡೇ ಸಲ."
ಡ್ರಾಯರಿನಿಂದ ರಬ್ಬರು ತೆಗೆದರು.
ಓದಿದರು. ನನ್ನ ಮುಖ ನೋಡಿದರು.
ರಬ್ಬರು ವಾಪಸು ಒಳಗೆ ಹಾಕಿ,
"ಮೂರು ರೂಪಾಯಿ ದಂಡ" ಅಂದರು,
"ತಡವಾಗಿ ತಂದಿದ್ದಕ್ಕೆ."