ಟೂಲ್ ಬ್ಯಾಗಿನ ಮೂರನೇ ಜೇಬು

ಮೇ ಕೊನೆಯ ಭಾನುವಾರ, ನಾಪೋಕ್ಲು.
ಇವತ್ತೊಂದು ದಿನ ಯಾರ ಮನೆಯ ಕರೆಂಟೂ ಹೋಗದಿರಲಿ ಎಂದು
ಫೋನನ್ನು ಅಕ್ಕಿ ಡಬ್ಬಿಯ ಮೇಲೆ ಬೋರಲು ಹಾಕಿ
ಒಲೆ ಹಚ್ಚಿದೆ.

ಶೇಂಗಾ ಎರಡು ಪಾವು, ಊರಿನದು,
ಇಳಕಲ್ಲಿನಿಂದ ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಕೂತು ಬಂದದ್ದು.
ಎಳ್ಳು ಒಂದು ಹಿಡಿ. ಅದು ಚಟಪಟ ಎಂದೊಡನೆ ಇಳಿಸಬೇಕು,
ಪೂರ್ತಿ ಮಾತು ಮುಗಿಸಲು ಬಿಟ್ಟರೆ ಕಹಿ.
ಕುಚ್ಚಲಕ್ಕಿ ಇಲ್ಲಿಯದು.
ಕೆಳಗಿನ ಅಂಗಡಿಯ ಬೊಳ್ಳವ್ವ ಹೇಳಿಕೊಟ್ಟಳು:
‘ತಂಬುಟ್ಟಿಗೆ ಹುರಿಯುವ ಹಾಗೆ ಹುರಿ.
ಅಕ್ಕಿಗೆ ಸಿಟ್ಟು ಬರಬೇಕು, ಮೈ ಸುಡಬಾರದು.’
ಜೇನು ಎರಡು ಚಮಚ ಅವಳ ಪೆಟ್ಟಿಗೆಯದು,
ಕಾಳುಮೆಣಸು ಆರು. ಲೆಕ್ಕ ಹಾಕಿಯೇ ಕೊಟ್ಟಳು.

ಪಾಕದ ಹೊತ್ತಿಗೆ ಅವ್ವನಿಗೆ ಫೋನು.
‘ನೀರಾಗ ಒಂದ್ ಹನಿ ಬಿಡು.
ಕರಗಿದ್ರ ಕಾಯಿ. ಉಂಡಿ ಆದ್ರ ಇಳಿಸು.
ಟಣ್ ಅಂದ್ರ ಕೆಟ್ಟಿತು ಅನ್ನು.’
ಹೋದ ವರ್ಷದ್ದು ಟಣ್ ಅಂದಿತ್ತು;
ಸೆಕ್ಷನ್ ಆಫೀಸಿನ ಮೇಜಿನ ಮೇಲೆ ಕಟಿಂಗ್ ಪ್ಲೈಯರಿನಿಂದ
ಕತ್ತರಿಸಿ ಹಂಚಿಕೊಂಡಿದ್ದೆವು.
ಈ ಸಲ ಬಟ್ಟಲಲ್ಲಿ ಮೆತ್ತನೆಯ ಉಂಡೆ,
ಮಗುವಿನ ಕಿವಿಯ ಹಾಲೆಯಂಥದ್ದು.

ಎಲ್ಲ ಸುರಿದು, ಕಲಸಿ, ತುಪ್ಪ ಸವರಿದ ತಟ್ಟೆಗೆ ಒತ್ತಿ
ಆರುವ ಮೊದಲೇ ಚಾಕುವಿನಲ್ಲಿ ಗೆರೆ.
ಅಮೀನಗಡದ ಕರದಂಟಿಗೆ ಇದು ದೂರದ ಬಡ ತಮ್ಮ.
ಊರಲ್ಲಾದರೆ ಮೂರು ತಿಂಗಳು ನೆಟ್ಟಗಿರುತ್ತದೆ,
ಇಲ್ಲಿ ಮೂರೇ ದಿನಕ್ಕೆ ಬೆವರಿ ಅಳುತ್ತದೆ.
ಅದಕ್ಕೇ ಒಂದೊಂದಕ್ಕೂ ಎಣ್ಣೆ ಕಾಗದ,
ಮೇಲೆ ಇಲಾಖೆಯ ಕೆಂಪು ಇನ್ಸುಲೇಷನ್ ಟೇಪು.

ಯಾಕೆ ಇಷ್ಟೆಲ್ಲ ಎಂದರೆ,
ಎರಡು ಮಳೆಯ ಹಿಂದೆ, ಯವಕಪಾಡಿ ಏರಿನಲ್ಲಿ
ಲೈನಿನ ಮೇಲೆ ಹಲಸಿನ ಮರ.
ಬೆಳಿಗ್ಗೆ ಒಂದು ಚಹಾ, ಆಮೇಲೆ ಬರೀ ಮಂಜು.
ಮೂರು ಗಂಟೆಗೆ ಕಂಬದ ತುದಿಯಲ್ಲಿ
ಕೈಯ ಸ್ಪ್ಯಾನರು ಎರಡಾಗಿ ಕಂಡಿತು.
ಎತ್ತರಕ್ಕೆ ನಡುಗುವವನಲ್ಲ ನಾನು.
ಹೊಟ್ಟೆ ನಡುಗಿದ್ದು ಬೆರಳಿಗೆ ಬಂತು.
ಇಳಿದೆ. ಹೇಗೆ ಎಂದು ಈಗಲೂ ಗೊತ್ತಿಲ್ಲ.
ಕುಡಿಯರ ರಂಜು ಅಂಗಿಯ ಜೇಬಿನಿಂದ
ಬೈನೆ ಬೆಲ್ಲದ ಚೂರು ತೆಗೆದು ಬಾಯಿಗೇ ಇಟ್ಟ.
ಅದರ ಜೊತೆ ಅವನ ಬೀಡಿಯ ವಾಸನೆಯನ್ನೂ ನುಂಗಿದೆ.

ಅಂದಿನಿಂದ ಬ್ಯಾಗಿನ ಮೂರನೇ ಜೇಬು
ಆಪತ್ತಿಗೆ ಮೀಸಲು.

ಹಾಗಂತ ಹೇಳಿಕೊಂಡೆ.
ಮೊದಲನೆಯದು ಎಸ್ಟೇಟಿನ ನಾಯಿಗೆ ಹೋಯಿತು,
ಅದು ಟ್ರಾನ್ಸ್‌ಫಾರ್ಮರಿನ ಹತ್ತಿರ ಬಿಡಲೊಲ್ಲದು.
ಇನ್ನೊಂದು ಬಸ್‌ಸ್ಟ್ಯಾಂಡಿನಲ್ಲಿ
ಹಾಕಿ ಸ್ಟಿಕ್ಕು ಹಿಡಿದು ಬಿಕ್ಕುತ್ತಿದ್ದ ಹುಡುಗಿಗೆ;
‘ಸೋತಿರಾ?’ ಎಂದೆ. ‘ಗೆದ್ದೆವು, ನನ್ನನ್ನು ಆಡಿಸಲಿಲ್ಲ.’
ಉಳಿದವನ್ನು ನಾನೇ ತಿಂದೆ,
ಏನೂ ಆಗದ ಒಂದು ಸಂಜೆ, ಒಂದರ ಹಿಂದೆ ಒಂದು,
ಇದೆಯಲ್ಲ ಎಂಬ ಒಂದೇ ಕಾರಣಕ್ಕೆ.

ಆಗಸ್ಟಿನಲ್ಲಿ ನಿಜವಾದ ರಾತ್ರಿ ಬಂತು.
ಜೀಪಿನ ಮುಂದೆ ರಸ್ತೆಯ ತುಂಬ ಒಂಟಿ ಸಲಗ,
ನಮಗೆ ಹಿಂದೆ ಕುಸಿದ ದರೆ.
ಹತ್ತರಿಂದ ನಾಲ್ಕರವರೆಗೆ ಉಸಿರು ಬಿಗಿಹಿಡಿದು
ಕತ್ತಲಲ್ಲೇ ಜೇಬಿಗೆ ಕೈ ಹಾಕಿದೆ.
ಒಂದು ಟೇಪು. ಅದಕ್ಕೆ ಅಂಟಿದ ಹನ್ನೊಂದು ಎಳ್ಳು.
ರಂಜು ಆರು, ನಾನು ಐದು.
ನಗು ಬಂದರೂ ನಗುವಂತಿರಲಿಲ್ಲ,
ಆನೆಗೆ ಕಿವಿ ದೊಡ್ಡದು.

ಈ ಸಲ ಇಪ್ಪತ್ತನಾಲ್ಕು. ಅರ್ಧ ರಂಜುವಿಗೆ:
ನನ್ನದನ್ನು ನೀನು ಕಾಯಿ, ನಿನ್ನದನ್ನು ನಾನು ಕಾಯುತ್ತೇನೆ.
ಅವನು ತಲೆಯಾಡಿಸಿ
ಬಿಸಿ ತಟ್ಟೆಯ ಮೂಲೆಯನ್ನೇ ಮುರಿದು ಬಾಯಿಗೆ ಹಾಕಿಕೊಂಡ.

ಅಕ್ಕಿ ಡಬ್ಬಿ ಗುಂಯ್‌ಗುಟ್ಟಿತು. ಕಕ್ಕಬ್ಬೆ ಫೀಡರು.
ಗೆರೆ ಬಿದ್ದಿದೆ, ತುಂಡು ಇನ್ನೂ ಬಿಟ್ಟಿಲ್ಲ.
ತಟ್ಟೆಗೆ ಬಟ್ಟೆ ಮುಚ್ಚಿ, ಇರುವೆಗೆ ಸುತ್ತ ನೀರಿಟ್ಟು,
ಬರಿಯ ಜೇಬಿನ ಬ್ಯಾಗನ್ನು ಹೆಗಲಿಗೆ ಏರಿಸಿದೆ.